ಗಟ್ಟಿ ಓಟಿನ ಬೀಗರು

ನನ್ನ ಮದುವೆ ಗೊತ್ತಾದದ್ದು ಮೊರದಲ್ಲಿ. ಹೀಗಂದರೆ ಮೊಮ್ಮಕ್ಕಳು ನಗುತ್ತವೆ. ಮಠದಲ್ಲಿ ಗೊತ್ತಾಗಬಹುದು, ನೆಂಟರ ಮನೆಯಲ್ಲಿ ಗೊತ್ತಾಗಬಹುದು, ಮೊರದಲ್ಲಿ ಹೇಗಜ್ಜಿ ಅಂತ ಕೇಳುತ್ತವೆ. ಏನು ಹೇಳಲಿ? ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ಅರ್ಧ ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ತಿಳಿದಷ್ಟು ಬರೆಯುತ್ತೇನೆ.

ನಮ್ಮದು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ರೈಲು ನಿಲ್ಲುವ ಊರಾದ್ದರಿಂದ ಸುತ್ತಲಿನ ಹತ್ತಿಯೆಲ್ಲ ನಮ್ಮೂರಿಗೇ ಬರುತ್ತಿತ್ತು. ಅಪ್ಪ ಹತ್ತಿ ಕೊಂಡು ಸಾಗಿಸುವ ವ್ಯಾಪಾರಿ, ಜಮೀನೂ ಇತ್ತು. ಮೈಸೂರಿನಲ್ಲಿ ಮಹಾರಾಜರು ದಸರೆಯ ಹೊತ್ತಿಗೆ ಪ್ರಜೆಗಳ ಕಡೆಯವರನ್ನು ಕರೆದು ಸಭೆ ನಡೆಸುತ್ತಿದ್ದರು. ನಮ್ಮ ತಾಲ್ಲೂಕಿನ ಕಡೆಯಿಂದ ಹೋಗುವವರಲ್ಲಿ ಅಪ್ಪನೂ ಒಬ್ಬರು. ಜರಿ ರುಮಾಲು ಸುತ್ತಿ ರೈಲು ಹತ್ತಿ ಹೋಗುತ್ತಿದ್ದರು, ಬರುವಾಗ ನಮಗೆ ಬಳೆ ತರುತ್ತಿದ್ದರು. ಅಲ್ಲಿ ಏನು ಮಾಡಿದಿರಿ ಅಂತ ಅಜ್ಜಿ ಕೇಳಿದರೆ, ನಮ್ಮ ರಸ್ತೆ ಕೆಟ್ಟಿದೆ ಅಂತ ಹೇಳಿ ಬಂದೆ ಅನ್ನುತ್ತಿದ್ದರು. ರಸ್ತೆ ಹಾಗೇ ಇತ್ತು.

ಅದಕ್ಕೆ ಓಟು ಅಂತ ಒಂದಿತ್ತು. ಎಲ್ಲರಿಗೂ ಇರಲಿಲ್ಲ, ಸರ್ಕಾರ ಹೇಳಿದಷ್ಟು ಕಂದಾಯ ಕಟ್ಟುವವರಿಗೆ ಮಾತ್ರ. ಮೊದಲೆಲ್ಲ ಅಪ್ಪನಿಗೆ ಎದುರು ನಿಲ್ಲುವವರೇ ಇರಲಿಲ್ಲ. ಆ ವರ್ಷ ಹೊಳಲ್ಕೆರೆಯ ಇನ್ನೊಬ್ಬ ವ್ಯಾಪಾರಿ ನಿಂತರು. ಅವರೂ ನಮ್ಮ ಜನವೇ, ನಾವು ಕಟ್ಟುವ ಲಿಂಗವನ್ನೇ ಕಟ್ಟುವವರು, ಆದರೆ ಬೇರೆ ಮಠಕ್ಕೆ ನಡೆದುಕೊಳ್ಳುವವರು. ಅಪ್ಪನಿಗೆ ಊಟ ಸೇರದಾಯಿತು.

ಆಗ ಬಂದರು ನನ್ನ ಸೋದರಮಾವ. ಅವ್ವನ ತವರು ಹಿರಿಯೂರಿನ ಹತ್ತಿರದ ಬಬ್ಬೂರು. ಈ ಮಾವ ದುರ್ಗದಲ್ಲಿ ವಕೀಲರೊಬ್ಬರ ಗುಮಾಸ್ತೆಯಾಗಿದ್ದವರು. ಮಾತಿನಲ್ಲಿ ಮನೆ ಕಟ್ಟುವ ಮನುಷ್ಯ. ಬೆಂಗಳೂರಿನಲ್ಲಿ ಹೊಸದಾಗಿ ಒಂದು ಸಂಘ ಹುಟ್ಟಿದೆ, ಅವರ ಕಡೆಯವರೊಬ್ಬರು ದುರ್ಗಕ್ಕೆ ಬಂದು ಓಟು ಗೆಲ್ಲುವ ವಿದ್ಯೆ ಹೇಳಿಕೊಟ್ಟು ಹೋಗಿದ್ದಾರೆ ಅಂದರು. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ‘ಅಕ್ಕಾ, ಒಂದು ಮೊರ ಕೊಡು. ಕಡಲೆ, ಹುರುಳಿ, ಅವರೆ, ಮೂರೂ ಒಂದೊಂದು ಹಿಡಿ ತಗಂಬಾ’ ಅಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಾವ ಒಂದೊಂದು ಹಳ್ಳಿಯ ಹೆಸರು ಹೇಳುವುದು, ಅಲ್ಲಿ ಓಟಿರುವ ಮನೆಗಳನ್ನು ನೆನೆಯುವುದು, ಕಾಳು ಇಡುವುದು. ಕಡಲೆ ಅಂದರೆ ನಮ್ಮವರು. ಹುರುಳಿ ಅಂದರೆ ಎದುರಾಳಿಯ ಕಡೆಯವರು. ಅವರೆ ಅಂದರೆ ಯಾವ ಕಡೆ ಅಂತ ಗೊತ್ತಾಗದವರು. ಕುಂಚಿಟಿಗರು ಎಷ್ಟು ಮನೆ, ಬೇಡರು ಎಷ್ಟು, ನಮ್ಮವರಲ್ಲಿ ಈ ಮಠದವರು ಎಷ್ಟು, ಆ ಮಠದವರು ಎಷ್ಟು. ಅಪ್ಪ ಹುಟ್ಟಿದಾಗಿನಿಂದ ಕಂಡ ಜನ ಅವರು. ಅವರನ್ನು ಹೀಗೆ ಮೊರದ ಮೂಲೆಗಳಿಗೆ ಸರಿಸುವುದನ್ನು ಕಂಡು ಅಪ್ಪನ ಮುಖ ಸಣ್ಣಗಾಯಿತು.

‘ಇಷ್ಟಕ್ಕೇ ಆಗಲ್ಲ ಭಾವ’ ಅಂದರು ಮಾವ. ‘ಜನ ಯಾರು ಅನ್ನೋದು ಒಂದು ಲೆಕ್ಕ. ಅವತ್ತು ಎದ್ದು ಬರೋರು ಯಾರು ಅನ್ನೋದು ಇನ್ನೊಂದು ಲೆಕ್ಕ. ಮನೇಲಿ ಕುಂತಿರೋ ಕಡಲೆಯಿಂದ ಏನು ಪ್ರಯೋಜನ? ಬರೋ ಹುರುಳಿಯೇ ಗೆಲ್ಲತೈತೆ.’

ಅಜ್ಜಿ, ಅಂದರೆ ಅಪ್ಪನ ತಾಯಿ, ಕಂಬಕ್ಕೆ ಒರಗಿ ಕೂತಿದ್ದಳು. ‘ಏನಪ್ಪ, ಓಟಾದ ಮೇಲೆ ಇವನ್ನೆಲ್ಲ ಸಾರಿಗೆ ಹಾಕಬಹುದೋ?’ ಅಂತ ಕೇಳಿದಳು. ಮಾವ ನಗಲಿಲ್ಲ. ಮಾವ ಎದ್ದು ಹೋದ ಮೇಲೆ ಅಜ್ಜಿ ಅವರೆಯನ್ನೆಲ್ಲ ಆಯ್ದು ನಿಜವಾಗಿಯೂ ಸಾರಿಗೆ ಹಾಕಿದಳು. ಮಾರನೆಯ ದಿನ ಮಾವ ಬಂದು ಅವರೆ ಎಲ್ಲಿ ಅಂದರೆ, ‘ಅವು ಯಾವ ಕಡೆ ಅಂತ ಗೊತ್ತಾತಪ್ಪ, ಹೊಟ್ಟೆ ಕಡೆ’ ಅಂದಳು.

ಮಾವನ ಲೆಕ್ಕದಲ್ಲಿ ಒಂದು ಕಡೆ ಎಷ್ಟು ಎಣಿಸಿದರೂ ಕಡಲೆ ಕಮ್ಮಿ ಬೀಳುತ್ತಿತ್ತು. ಬೆಟ್ಟದ ಹಿಂದೆ ಒಂದೇ ಮನೆತನದವರು ಹರಡಿಕೊಂಡಿರುವ ಕೆಲವು ಹಳ್ಳಿಗಳಿವೆ. ಹಿರಿಯರೊಬ್ಬರು ಹೂಂ ಅಂದರೆ ಎಲ್ಲರೂ ಹೂಂ, ಅವರು ಎದ್ದರೆ ಎಲ್ಲರೂ ಎದ್ದು ಬರುವವರು. ಅವರು ಎದುರಾಳಿ ನಡೆದುಕೊಳ್ಳುವ ಮಠದವರು, ಹಾಗಾಗಿ ಹುರುಳಿ. ಮಾವ ಆ ಹುರುಳಿಯ ಗುಡ್ಡೆಯನ್ನು ಬೆರಳಲ್ಲಿ ತಟ್ಟುತ್ತ ಬಹಳ ಹೊತ್ತು ಕೂತರು. ಆಮೇಲೆ ತಲೆಯೆತ್ತಿ ಅಡಿಗೆಮನೆಯ ಬಾಗಿಲ ಕಡೆ, ಅಂದರೆ ನನ್ನ ಕಡೆ, ನೋಡಿದರು.

‘ಆ ಹಿರೀರಿಗೆ ಮದುವೆಗೆ ಬಂದ ಮಗ ಅವ್ನೆ’ ಅಂದರು.

ನನಗೆ ಹದಿನೇಳು ತುಂಬಿತ್ತು, ಆಗಿನ ಕಾಲಕ್ಕೆ ತಡವೇ. ಆ ಮಠದವರಿಗೂ ನಮಗೂ ಹೆಣ್ಣು ಕೊಟ್ಟು ತರುವ ರೂಢಿ ಇರಲಿಲ್ಲ. ಆದರೆ ಅಪ್ಪ ಬೇಡ ಅನ್ನಲಿಲ್ಲ, ಸುಮ್ಮನೆ ಮೊರ ನೋಡುತ್ತ ಕೂತರು. ಮಾವ ಆ ಹುರುಳಿಯನ್ನೆಲ್ಲ ಬಳಿದು ತೆಗೆದು ಅಷ್ಟೇ ಕಡಲೆ ತುಂಬಿದರು. ನನಗೆ ಏನನ್ನಿಸಿತು ಅಂತ ಕೇಳಿದರೆ, ಏನನ್ನಿಸಬೇಕು ಅನ್ನುವುದೇ ತಿಳಿಯಲಿಲ್ಲ. ಸಿಟ್ಟು ಬಂತು, ಹೌದು. ಜೊತೆಗೆ ಸ್ವಲ್ಪ ಜಂಬವೂ ಬಂತು. ತಾಲ್ಲೂಕೇ ನನ್ನಿಂದ ಗೆಲ್ಲುತ್ತದೆ ಅನ್ನುವ ಹಾಗೆ ಅವ್ವ ಅವತ್ತು ನನ್ನ ಮುಡಿಗೆ ಮೊಳಗಟ್ಟಲೆ ಹೂವು ಮುಡಿಸಿದಳು.

ಹುಡುಗನ ಕಡೆಯಿಂದ ನಾಲ್ಕು ಜನ ಬಂದು ನೋಡಿ ಹೋದರು. ಹುಡುಗ ನನ್ನನ್ನು ನೋಡಲೇ ಇಲ್ಲ, ಗೋಡೆಯ ಗೂಟ ನೋಡುತ್ತಿದ್ದ. ನಾನು ಅವನ ಕಾಲ ಹೆಬ್ಬೆರಳು ನೋಡಿದೆ. ಅದರ ಮೇಲೆ ಒಂದು ಮದುವೆ ನಿಲ್ಲಬಹುದೋ ಇಲ್ಲವೋ ಅಂತ ಹೇಗೆ ಹೇಳುವುದು? ವೀಳ್ಯದ ಶಾಸ್ತ್ರ ನಮ್ಮೂರಲ್ಲಿ ಆಗಬೇಕಿತ್ತು. ಮಾವ ಅದನ್ನು ಅವರ ಊರಿನಲ್ಲೇ ಇಡಿಸಿದರು. ಅವರ ಹಳ್ಳಿಗಳ ಜನವೆಲ್ಲ ಕಣ್ಣಾರೆ ಕಂಡರೆ ಓಟು ಗಟ್ಟಿಯಾಗುತ್ತದೆ ಅನ್ನುವುದು ಅವರ ವಿಚಾರ. ಅಕ್ಕಿ ಮೇಲಾಸೆ ನೆಂಟರ ಮೇಲೆ ಪ್ರೀತಿ ಅಂತ ಅಜ್ಜಿ ಗೊಣಗಿದಳು. ಓಟು ಮುಗಿದು ಹದಿನೈದು ದಿನಕ್ಕೆ ಮದುವೆ ಅಂತ ಮಾತಾಯಿತು.

ವೀಳ್ಯ ಆಯಿತು ಅಂದರೆ ಅರ್ಧ ಮದುವೆ ಆದ ಹಾಗೆ. ಆಮೇಲೆ ಮಾತು ಮುರಿದರೆ ಗಂಡಿಗೆ ಏನೂ ಆಗುವುದಿಲ್ಲ, ಇನ್ನೊಂದು ಮನೆ ನೋಡುತ್ತಾನೆ. ಹುಡುಗಿಯನ್ನು ಮಾತ್ರ ‘ವೀಳ್ಯ ಮುರಿದವಳು’ ಅನ್ನುತ್ತಾರೆ. ನಮ್ಮೂರಲ್ಲೇ ಅಂಥ ಒಬ್ಬಳಿದ್ದಳು. ಯಾರ ಮನೆಯ ಶುಭಕಾರ್ಯಕ್ಕೂ ಅವಳನ್ನು ಮುಂದೆ ಕರೆಯುತ್ತಿರಲಿಲ್ಲ. ಹಾಗಾಗಿ ಆ ದಿನಗಳಲ್ಲಿ ಅಪ್ಪ ಗೆಲ್ಲಲಿ ಅಂತ ನಾನು ಬೇಡಿಕೊಂಡದ್ದು ಅಪ್ಪನಿಗಾಗಿಯೋ ನನಗಾಗಿಯೋ ಹೇಳುವುದು ಕಷ್ಟ.

ಓಟಿನ ದಿನ ಹತ್ತಿರ ಬಂದ ಹಾಗೆ ಮನೆ ಸಂತೆಯಾಯಿತು. ಮಾವ ಒಂದು ದಿನ ಅಪ್ಪನ ದಲ್ಲಾಳಿಗಳನ್ನೆಲ್ಲ ಕರೆಸಿದರು. ಎದುರಾಳಿಯ ಕಡೆ ವಾಲಿದ ಹಳ್ಳಿಗಳಿಗೆ ಓಟಿನ ದಿನವೇ ಹೋಗಿ ಹತ್ತಿ ಕೊಳ್ಳಬೇಕು ಅಂತ ಅಪ್ಪಣೆ ಮಾಡಿದರು. ಬಾಗಿಲಿಗೆ ಗಿರಾಕಿ ಬಂದರೆ ಮನೆಯ ಯಜಮಾನ ರಾಮಗಿರಿಗೆ ಓಟು ಹಾಕಲು ಬರುತ್ತಾನೆಯೇ? ತೂಕ ಮಾಡಿಸುತ್ತ ಅಲ್ಲೇ ಕೂರುತ್ತಾನೆ. ಅಪ್ಪ, ‘ಇದು ಸರಿ ಅಲ್ಲ ಕಣಯ್ಯ’ ಅಂದರು. ‘ಹತ್ತಿ ಕೊಳ್ಳೋದು ತಪ್ಪಾ ಭಾವ? ಒಳ್ಳೆ ಬೆಲೆ ಕೊಡ್ತೀವಿ’ ಅಂದರು ಮಾವ. ತಪ್ಪು ಎಲ್ಲಿದೆ ಅಂತ ಅಪ್ಪನಿಗೆ ಬೆರಳಿಟ್ಟು ತೋರಿಸಲು ಆಗಲಿಲ್ಲ. ನನಗೂ ಆಗಲಿಲ್ಲ, ಆದರೆ ತಪ್ಪಿತ್ತು.

ನನಗೆ ಇನ್ನೂ ಗೋಜಲಾಗಿ ಕಂಡದ್ದು ಬೇರೆ. ಮಾವ ದಿನವೂ ಓಡಾಡಿದ್ದು ಅವರೆಕಾಳಿನ ಜನರ ಹಿಂದೆ. ಹೊಸದುರ್ಗದ ದಾರಿಯ ಹಳ್ಳಿಗಳಲ್ಲಿ ಅಂಥವರು ಜಾಸ್ತಿ. ಅವರಿಗೆ ಹೊಗೆಸೊಪ್ಪು, ಅವರ ಮಕ್ಕಳಿಗೆ ಬತ್ತಾಸು, ಅವರ ಮನೆಯ ಹಸು ಕರು ಹಾಕಿದರೂ ಮಾವ ಹೋಗಿ ನೋಡಿ ಬರುವುದು. ಬೆಟ್ಟದ ಹಿಂದಿನ ನಮ್ಮ ಬೀಗರ ಕಡೆ ವೀಳ್ಯವಾದ ಮೇಲೆ ಒಂದು ಸಲವೂ ತಲೆ ಹಾಕಲಿಲ್ಲ. ಅವ್ವ ಕೇಳಿದ್ದಕ್ಕೆ, ‘ಅವರು ಗಟ್ಟಿ ಓಟು ಕಣಕ್ಕ. ಗಟ್ಟಿ ಇರೋದನ್ನ ಯಾರು ತಟ್ಟಿ ನೋಡ್ತಾರೆ?’ ಅಂದರು. ಇದೇನು ವಿದ್ಯೆ, ನಂಬದವರಿಗೆ ಉಪಚಾರ, ನಂಬಿದವರಿಗೆ ಬರೀ ಎಣಿಕೆ ಅಂತ ನನ್ನ ತಲೆ ತಿರುಗಿತು.

ಓಟಿನ ದಿನ ಬಂತು. ನಮ್ಮೂರ ಚಾವಡಿಯಲ್ಲಿ ಅಮಲ್ದಾರರ ಕಡೆಯವರು ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು, ಸಂಜೆ ಐದಕ್ಕೆ ಮುಗಿಸುತ್ತಾರೆ ಅಂತ ಡಂಗುರ ಆಗಿತ್ತು. ಅಪ್ಪ ಚಾವಡಿಯ ಎದುರು ಬೆಳಗಿನಿಂದ ಕೈಮುಗಿದು ನಿಂತಿದ್ದರು. ನಮ್ಮ ಮನೆಯ ಹಿತ್ತಲಲ್ಲಿ ಕೊಪ್ಪರಿಗೆ ಏರಿತ್ತು. ಓಟು ಹಾಕಿ ಬಂದವರಿಗೆಲ್ಲ ಹುಗ್ಗಿ.

ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಬಿಸಿಲು ಇನ್ನೂ ನೆತ್ತಿಗೆ ಬಂದಿರಲಿಲ್ಲ. ಬೆಟ್ಟದ ಕಡೆಯ ದಾರಿಯಲ್ಲಿ ಗಾಡಿಗಳ ಸಾಲು ಕಂಡಿತು. ಎತ್ತುಗಳ ಕೊಂಬಿಗೆ ಕುಚ್ಚು ಕಟ್ಟಿದ್ದರು. ಮುಂದಿನ ಗಾಡಿಯಲ್ಲಿ ಬಿಳಿ ರುಮಾಲಿನ ಹಿರಿಯರು, ನನ್ನ ಮಾವನವರಾಗಬೇಕಾದವರು. ನಾನು ಮೆಣಸಿನಕಾಯಿ ಬಿಟ್ಟು ಎದ್ದು ನಿಂತೆ. ಆದರೆ ಗಾಡಿಗಳು ಊರೊಳಗೆ ಬರಲಿಲ್ಲ. ಊರ ಮುಂದಿನ ಹನುಮಂತರಾಯನ ಗುಡಿಯ ಹತ್ತಿರ ನಿಂತವು. ನೊಗ ಬಿಚ್ಚಿ ಎತ್ತುಗಳನ್ನು ಹುಣಸೇಮರಕ್ಕೆ ಕಟ್ಟಿ, ಎಲ್ಲರೂ ಗುಡಿಯ ಕಟ್ಟೆಯ ಮೇಲೆ ಕೂತರು.

ನಾನು ಇಳಿದು ಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಹಣೆ ಚಚ್ಚಿಕೊಂಡಳು. ವೀಳ್ಯವಾದ ಮೇಲೆ ಬೀಗರು ಮೊದಲ ಸಲ ಹೆಣ್ಣಿನ ಊರಿಗೆ ಬಂದರೆ ತಾವಾಗಿಯೇ ಒಳಗೆ ಕಾಲಿಡುವುದಿಲ್ಲ. ಹೆಣ್ಣಿನ ಕಡೆಯವರು ಓಲಗದೊಂದಿಗೆ ಊರ ಮುಂದಕ್ಕೆ ಹೋಗಿ, ಕಾಲಿಗೆ ನೀರು ಕೊಟ್ಟು, ಬೆಲ್ಲದ ಪಾನಕ ಕೊಟ್ಟು, ಬರ್ರಿ ಅಂತ ಕರೆದು ತರಬೇಕು. ಎದುರುಗೊಳ್ಳುವುದು ಅಂತಾರೆ. ಇದು ನಮ್ಮ ಸೀಮೆಯ ಕೂಸಿಗೂ ಗೊತ್ತು. ವೀಳ್ಯ ನಮ್ಮೂರಲ್ಲಿ ಆಗಿದ್ದರೆ ಈ ಶಾಸ್ತ್ರ ಅವತ್ತೇ ಮುಗಿದಿರುತ್ತಿತ್ತು.

ಮಾವ ಎರಡು ತುತ್ತು ಉಣ್ಣಲು ಮನೆಗೆ ಬಂದಾಗ ನಾನೇ ಹೇಳಿದೆ. ‘ಮಾವ, ಬೀಗರು ಗುಡಿ ಹತ್ರ ಕುಂತವ್ರೆ. ಎದುರುಗೊಳ್ಳಾಕೆ ಯಾರೂ ಹೋಗಿಲ್ಲ.’

‘ಬಂದ್ರಾ? ಆತು ಬಿಡು, ಬಂದ್ರಲ್ಲ’ ಅಂದರು ಮಾವ. ಅವರ ಮುಖ ಅರಳಿತು. ‘ಕುಂತಿರ್ಲಿ. ಅವರಾಗೇ ಬಂದು ಹಾಕ್ತಾರೆ. ಇದು ಮದುವೆ ದಿಬ್ಬಣ ಅಲ್ಲ ಕಣೇ, ಓಟು.’

‘ಓಲಗದೋರನ್ನ ಕಳಿಸಪ್ಪ’ ಅಂದಳು ಅಜ್ಜಿ.

‘ಓಲಗದೋರು ಎಲ್ಲವ್ರೆ ಅತ್ತೆ? ಹೊಸದುರ್ಗದ ದಾರಿ ಜನನ್ನ ಕರ್ಕಂಬರಾಕೆ ಕಳಿಸಿದೀನಿ. ಅವರು ಇನ್ನೂ ಅಳ್ಳಾಡ್ತಾವ್ರೆ, ಮರ್ಯಾದೆ ಮಾಡಿದ್ರೆ ಈ ಕಡೆ ಬೀಳ್ತಾರೆ.’

ಅಜ್ಜಿ ತಾನೇ ಚೊಂಬು ಹಿಡಿದು ಎದ್ದಳು. ಗಂಡ ಸತ್ತವಳು ಬೀಗರನ್ನು ಎದುರುಗೊಳ್ಳುವುದುಂಟೇ ಅಂತ ಮಾವ ತಡೆದರು. ಅವ್ವ ಹೋಗುತ್ತೇನೆ ಅಂದಳು. ಯಜಮಾನನಿಲ್ಲದೆ ಬರೀ ಹೆಂಗಸರು ಹೋದರೆ ಇನ್ನೂ ಅವಮಾನ ಅಂದರು. ಅಪ್ಪನನ್ನು ಕಳಿಸಿ ಅಂದರೆ, ಅಪ್ಪ ಚಾವಡಿ ಬಿಟ್ಟರೆ ಕೈಮುಗಿಯುವವರು ಯಾರು ಅಂದರು. ಎಲ್ಲದಕ್ಕೂ ಅವರ ಹತ್ತಿರ ಉತ್ತರವಿತ್ತು. ಕೈ ತೊಳೆದು ಓಡಿದರು. ಅಪ್ಪನಿಗೆ ವಿಷಯ ಹೇಳಿದರೋ ಇಲ್ಲವೋ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಹೇಳಿದೆ ಅಂತ ಮಾವ, ಹೇಳಲಿಲ್ಲ ಅಂತ ಅಪ್ಪ, ಇಬ್ಬರೂ ಸಾಯುವವರೆಗೆ ವಾದ ಮಾಡಿದರು.

ನಾನು ಮಾಳಿಗೆ ಹತ್ತುವುದು, ನೋಡುವುದು, ಇಳಿಯುವುದು. ಅವರು ಕಟ್ಟೆಯ ಮೇಲೆ ಹಾಗೇ ಕೂತಿದ್ದರು. ಕೆಲವರು ಬುತ್ತಿ ಬಿಚ್ಚಿ ಉಂಡರು. ಹಿರಿಯರು ಮಾತ್ರ ಊರ ಕಡೆಗೇ ಮುಖ ಮಾಡಿ ಕೋಲಿನ ಮೇಲೆ ಕೈಯಿಟ್ಟು ಕೂತಿದ್ದರು. ಇತ್ತ ಹೊಸದುರ್ಗದ ದಾರಿಯಿಂದ ಓಲಗ ಊದುತ್ತ ಗಾಡಿಗಳು ಬಂದವು. ಆ ಜನ ಚಾವಡಿಗೆ ಹೋದರು, ನಮ್ಮ ಮನೆಗೆ ಬಂದು ಹುಗ್ಗಿ ಉಂಡರು, ಇನ್ನಷ್ಟು ತುಪ್ಪ ಹಾಕಿಸಿಕೊಂಡರು. ಓಲಗದ ಸದ್ದು ಗುಡಿಯವರೆಗೂ ಕೇಳಿಸಿರಬೇಕು. ಬೀಗರ ಗುಂಪಿನಲ್ಲಿ ಕೆಲವರು ತಮಗೇ ಬಂತು ಅಂತ ಎದ್ದು ಪಂಚೆ ಕೊಡವಿಕೊಂಡರು, ಆಮೇಲೆ ಮತ್ತೆ ಕೂತರು. ಅದನ್ನು ನೋಡಿ ನನಗೆ ಅಳು ಬಂತು.

ಚಾವಡಿಯಲ್ಲಿ ಐದು ಹೊಡೆದ ಗಂಟೆ ಕೇಳಿಸಿತು. ಹಿರಿಯರು ಎದ್ದರು. ಎತ್ತು ಕಟ್ಟಿದರು. ಬಂದ ದಾರಿಯಲ್ಲೇ ಗಾಡಿಗಳು ಹೊರಟುಹೋದವು.

ಅಪ್ಪ ಸೋತರು. ಬೆಟ್ಟದ ಹಿಂದಿನವರಲ್ಲಿ ಅರ್ಧ ಜನ ಹಾಕಿದ್ದರೂ ಗೆಲ್ಲುತ್ತಿದ್ದರು. ಹುಗ್ಗಿ ಉಂಡವರು ಎದುರಾಳಿಗೆ ಹಾಕಿ ಬಂದು ಉಂಡಿದ್ದರು ಅಂತ ಆಮೇಲೆ ತಿಳಿಯಿತು. ಮಾವ ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದರು. ಮೂರನೆಯ ದಿನ ಎದ್ದು, ‘ಆ ಬೆಟ್ಟದ ಜನ ನಂಬಿಸಿ ಕತ್ತು ಕೊಯ್ದರು’ ಅಂದರು. ಅಪ್ಪ ಹೌದು ಅನ್ನುವ ಹಾಗೆ ತಲೆಯಾಡಿಸಿದರು. ಕತ್ತು ಕೊಯ್ದವರು ಯಾರು, ಕೊಯ್ಯಿಸಿಕೊಂಡವರು ಯಾರು? ಮನೆಯಲ್ಲಿ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಅವ್ವ ತಂದಿಟ್ಟ ಸೀರೆಗಳನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಒಂದು ಬೆಳಿಗ್ಗೆ ಮಾವ ಅಪ್ಪನಿಗೆ, ಹೊಸದುರ್ಗದ ದಾರಿಯಲ್ಲಿ ಒಂದು ದೊಡ್ಡ ಮನೆತನವಿದೆ, ಮುಂದಿನ ಓಟಿಗೆ ಅನುಕೂಲ ಅಂತ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ವೀಳ್ಯ ಮುರಿಯುತ್ತಾರೆ ಅಂತ ಅವತ್ತು ಖಾತ್ರಿಯಾಯಿತು.

ಮದುವೆಗೆ ಇಟ್ಟಿದ್ದ ದಿನ ಇನ್ನೂ ಬಂದಿರಲಿಲ್ಲ. ಒಂದು ಮಧ್ಯಾಹ್ನ ಆ ಹಿರಿಯರು ಒಬ್ಬರೇ ನಡೆದು ಬಂದು ನಮ್ಮ ಬಾಗಿಲಲ್ಲಿ ನಿಂತರು. ಓಲಗವಿಲ್ಲ, ಗಾಡಿಯಿಲ್ಲ. ಅಪ್ಪ ಗಾಬರಿಯಾಗಿ ಎದ್ದು, ‘ಬರ್ರಿ, ಕುಂತ್ಕಳ್ರಿ’ ಅಂದರು. ಅವರು ಕೂರಲಿಲ್ಲ.

‘ಇವತ್ತು ಬೀಗ ಆಗಿ ಬಂದಿಲ್ಲ, ಅದಕ್ಕೇ ಊರೊಳಗೆ ಬಂದೆ’ ಅಂದರು. ‘ಒಂದು ಮಾತು ಕೇಳಿ ಹೋಗಾಣ ಅಂತ.’

ಮಾವ ಎದ್ದುಬಂದು, ‘ಅವತ್ತು ಬಾಗಿಲವರೆಗೂ ಬಂದು ಓಟು ಹಾಕದೆ ಹೋದ್ರಲ್ಲ ಯಜಮಾನ್ರೆ, ಇದು ನ್ಯಾಯವಾ?’ ಅಂದರು.

ಹಿರಿಯರು ಕೋಲನ್ನು ಬಾಗಿಲಿಗೆ ಒರಗಿಸಿದರು. ‘ಒಳಗೆ ಬರೋದು ಏನು ದೊಡ್ಡದಾಗಿತ್ತು? ಹತ್ತು ಮಾರು ದಾರಿ’ ಅಂದರು. ‘ನಮ್ಮ ಹುಡುಗ್ರೂ ಅದೇ ಅಂದ್ರು, ಹೋಗಿ ಹಾಕಿ ಬರಾಣ ಅಂತ. ನಾನೇ ಬೇಡ ಅಂದೆ. ಕರೀದೆ ಬಂದು ಓಟು ಹಾಕಿ ಹೋದ್ರೆ, ನಾಳೆ ಈ ಹುಡುಗಿ ನಮ್ಮನೆಗೆ ಬಂದಾಗ ನಮ್ಮ ಹೆಂಗಸ್ರು ಏನಂತಾರೆ? ನಿಮ್ಮಪ್ಪ ನಮ್ಮನ್ನ ಕೂಲಿಯೋರಂಗೆ ಕರೆಸ್ಕಂಡ, ಒಂದು ಚೊಂಬು ನೀರು ಕೊಡಲಿಲ್ಲ ಅಂತ ಜನ್ಮಪೂರ್ತಿ ಚುಚ್ಚತಾರೆ. ಅದಕ್ಕೆ ಕುಂತೆ. ನೀವು ಕಡೇ ಗಳಿಗೇಲಾದ್ರೂ ಬರ್ತೀರಿ ಅಂತ ಕುಂತೆ.’

ಅಪ್ಪ ತಲೆ ಎತ್ತಲಿಲ್ಲ.

‘ಈಗ ನಾನು ಕೇಳೋದು ಇಷ್ಟೇ’ ಅಂದರು ಅವರು. ‘ಹೆಣ್ಣು ಕೊಡೋ ಮಾತು ಐತೋ, ಓಟಿನ ಜೊತೆ ಅದೂ ಮುಗೀತೋ?’

ಅಪ್ಪ ಮಾವನ ಮುಖ ನೋಡಿದರು. ಮಾವ ಯೋಚಿಸುತ್ತಿದ್ದರು, ಅವರ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು. ಅಜ್ಜಿ ಅದನ್ನು ಕಂಡಳು ಅಂತ ಕಾಣುತ್ತದೆ. ಕಂಬದ ಹತ್ತಿರದಿಂದಲೇ, ‘ಅವನನ್ನ ಏನು ಕೇಳ್ತೀರಿ ಯಜಮಾನ್ರೆ, ಹುಡುಗಿ ಅಲ್ಲೇ ನಿಂತವ್ಳೆ, ಅವಳನ್ನ ಕೇಳ್ರಿ’ ಅಂದಳು.

‘ಹೆಣ್ಣುಮಗಳನ್ನ ಕೇಳೋದುಂಟಾ’ ಅಂದರು ಮಾವ.

‘ವೀಳ್ಯಕ್ಕೆ ಮುಂಚೆ ನನ್ನ ಮನಸ್ಸು ಕೇಳಾಕೆ ನೀವು ನಮ್ಮೂರಿಗೆ ಎಷ್ಟೋ ಸಲ ಬಂದ್ರಿ’ ಅಂದರು ಹಿರಿಯರು. ‘ಇವಳದನ್ನ ಕೇಳಾಕೆ ಏನು ಕಷ್ಟ?’ ಆಮೇಲೆ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ‘ನೀನು ಹೇಳವ್ವ. ನಮ್ಮನೆಗೆ ಬರ್ತೀಯಾ?’

ಎಷ್ಟೋ ತಿಂಗಳಿಂದ ನಮ್ಮ ಮನೆಯಲ್ಲಿ ಊರ ಜನರ ಮನಸ್ಸಿನ ಲೆಕ್ಕ ನಡೆದಿತ್ತು. ಯಾವ ಹಳ್ಳಿಯ ಯಾವನು ಏನಂದುಕೊಂಡಿದ್ದಾನೆ ಅಂತ ಮಾವನಿಗೆ ಬಾಯಿಪಾಠ. ನಾನು ಏನಂದುಕೊಂಡಿದ್ದೇನೆ ಅಂತ ಒಬ್ಬರೂ ಕೇಳಿರಲಿಲ್ಲ, ಹಾಗಾಗಿ ನನಗೇ ಗೊತ್ತಿರಲಿಲ್ಲ. ಹುಡುಗನ ಮುಖ ನೆನಪು ಮಾಡಿಕೊಳ್ಳಲು ನೋಡಿದೆ, ಹೆಬ್ಬೆರಳು ಮಾತ್ರ ನೆನಪಾಯಿತು. ಸುಮ್ಮನೆ ನಿಂತೆ.

‘ಸುಮ್ನವ್ಳೆ ಅಂದ್ರೆ ಒಪ್ಪಿದಂಗೇ’ ಅಂದರು ಮಾವ.

‘ನೀವು ಸುಮ್ನಿರ್ರಿ’ ಅಂದರು ಹಿರಿಯರು. ಅವರು ನನ್ನ ಕಡೆಯಿಂದ ನೋಟ ತೆಗೆಯಲಿಲ್ಲ. ಅವಸರ ಮಾಡಲಿಲ್ಲ. ನಾನು ಇಲ್ಲ ಅಂದರೂ ಅದನ್ನು ಕೇಳಿಕೊಂಡು, ಬರುತ್ತೇನೆ ಅಂತ ಹೇಳಿ ಹೋಗುವ ಮುಖ ಅದು. ಇಲ್ಲ ಅನ್ನಬಹುದು ಅಂತ ನನಗೆ ಹೊಳೆದದ್ದೇ ಆಗ.

‘ಬರ್ತೀನಿ’ ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅದು ಮನಸ್ಸಿನಿಂದ ಬಂತೋ, ವೀಳ್ಯ ಮುರಿದವಳು ಅನ್ನಿಸಿಕೊಳ್ಳುವ ಹೆದರಿಕೆಯಿಂದ ಬಂತೋ, ಮಾವನ ಮೇಲಿನ ಸಿಟ್ಟಿನಿಂದ ಬಂತೋ ಇಷ್ಟು ವರ್ಷ ಅವರ ಮನೆಯಲ್ಲಿ ಬಾಳಿದರೂ ತೀರ್ಮಾನ ಮಾಡಲಾಗಿಲ್ಲ. ಹಿರಿಯರು ಆಗ ಕೂತರು. ಮಾವ ಕೂಡಲೇ ಗೆಲುವಾಗಿ, ‘ಹಂಗಾದ್ರೆ ಮುಂದಿನ ಸಲ ನಿಮ್ಮ ಹಳ್ಳಿ ಓಟೆಲ್ಲ ನಮ್ಮವೇ’ ಅಂದರು.

‘ಸೊಸೆ ನಮ್ಮೋಳಾದ್ಳು, ಅಷ್ಟು ಸಾಕು’ ಅಂದರು ಹಿರಿಯರು. ‘ಓಟಿನ ಮಾತು ಇವತ್ತು ಬ್ಯಾಡ.’

ಅಪ್ಪ ಎದ್ದು ಅಡಿಗೆಮನೆಯ ಬಾಗಿಲಿಗೆ ಬಂದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ‘ಬೇಡ ಅನ್ನೋದಿದ್ರೆ ಈಗ್ಲೂ ಹೇಳು ಕೂಸೆ’ ಅಂದರು. ಹದಿನೇಳು ವರ್ಷದಲ್ಲಿ ಅವರು ನನ್ನನ್ನು ಕೇಳಿದ್ದು ಅದೊಂದೇ ಮಾತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡಿದೆ. ಅದನ್ನು ಹೂಂ ಅಂತ ತಿಳಿಯಬೇಕೋ ಊಹೂಂ ಅಂತ ತಿಳಿಯಬೇಕೋ ಗೊತ್ತಾಗದೆ ಅಪ್ಪ ಅಲ್ಲೇ ನಿಂತುಬಿಟ್ಟರು.